ಸೇರಿನ ಆಯಿಯ ಹೆಸರು ಬಲ್ಲವರು ತಿಳಿಸಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಾನು ಬೆಟಗೇರಿಯಲ್ಲಿರುವ ನಿವೃತ್ತ ಅಂಗನವಾಡಿ ಕಾರ್ಯಕರ್ತೆ. ಗಂಡನ ಮನೆ ನರೇಗಲ್ಲ ಹತ್ತಿರದ ಅಬ್ಬಿಗೇರಿ. ನಮ್ಮ ಮನೆಯ ಒಬ್ಬ ಹಿರಿಯಳ ಹೆಸರು ಕಳೆದುಹೋಗಿದೆ. ಅದನ್ನು ಹುಡುಕಿ ಹುಡುಕಿ ಸಾಕಾಗಿ, ನಿಮ್ಮ ಪತ್ರಿಕೆ ಗದಗ, ಹಾವೇರಿ, ಧಾರವಾಡ ಮೂರೂ ಜಿಲ್ಲೆಗಳ ಮನೆಗಳಿಗೆ ಹೋಗುತ್ತದೆಂಬ ಒಂದೇ ಆಸೆಯಿಂದ ಈ ಪತ್ರ ಬರೆಯುತ್ತಿದ್ದೇನೆ. ಉದ್ದವಾಗಿದೆ, ಕ್ಷಮಿಸಬೇಕು. ಆದರೆ ಪೂರ್ತಿ ಹೇಳದಿದ್ದರೆ ಗುರುತು ಹಿಡಿಯಬೇಕಾದವರು ಗುರುತು ಹಿಡಿಯಲಾರರು.

ಮನೆಯಲ್ಲಿ ಆಕೆಯನ್ನು 'ಸೇರಿನ ಆಯಿ' ಎನ್ನುತ್ತಾರೆ. ನನ್ನ ಯಜಮಾನರ ಅಜ್ಜನಿಗೆ ಆಕೆ ಆಯಿ, ಅಂದರೆ ಅಜ್ಜಿ. ಆಕೆ ಬಿಟ್ಟುಹೋದ ಕಬ್ಬಿಣದ ಸೇರು ಈ ಪತ್ರ ಬರೆಯುವಾಗ ನನ್ನ ಮುಂದೆಯೇ ಇದೆ. ಹೊರಗೆ ಮೂರು ಪಟ್ಟಿ ಬಡಿದಿದ್ದಾರೆ. ನಡುವಿನ ಪಟ್ಟಿ ಸವೆದು ಬೆರಳಿಗಷ್ಟೇ ತಿಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಒಳಮೈ ಜೋಳ ಉಜ್ಜಿ ಉಜ್ಜಿ ಗಾಜಿನ ಹಾಗೆ ನುಣುಪಾಗಿದೆ. ಬಾಯಿಯ ಒಂದು ಕಡೆ ಹೆಬ್ಬೆರಳಿನಷ್ಟು ಜಾಗ ಒಳಕ್ಕೆ ತಗ್ಗಿದೆ. ಅದು ಹಗೇವಿನ ಕಲ್ಲಿಗೆ ಬಡಿದ ಗುರುತು ಎಂದು ಹೇಳುತ್ತಾರೆ. ಕಿಲೋ ಲೀಟರು ಬಂದು ಸೇರು ಪಾವು ಬಿಟ್ಟುಹೋದ ಕಾಲದಲ್ಲಿ ನಮ್ಮ ಮಾವನವರು ಇದನ್ನು ಹಳೆ ಕಬ್ಬಿಣದ ಸಾಮಾನಿನ ಜೊತೆ ಮಾರಲು ಹೊರಗಿಟ್ಟಿದ್ದರಂತೆ. ನಾನು ಕಂಡ ಆಯಿ, ಅಂದರೆ ಮಾವನವರ ತಾಯಿ, ಅದನ್ನು ಎತ್ತಿಕೊಂಡು ಹೋಗಿ ದೇವರ ಮಾಡದಲ್ಲಿಟ್ಟರು. ಅಲ್ಲಿಂದ ಮುಂದೆ ಅದು ಜಗಲಿಯ ದೇವರ ಜೊತೆಗೇ ಇದೆ.

ವರ್ಷಕ್ಕೆ ಒಂದು ದಿನ, ಎಳ್ಳಮಾಸಿ ಮುಂಜಾನೆ, ಅದು ಹೊರಗೆ ಬರುತ್ತದೆ. ಸಜ್ಜಿ ರೊಟ್ಟಿ, ಜೋಳದ ಕಡುಬು, ಪುಂಡಿಪಲ್ಯದ ಬುಟ್ಟಿ ಕಟ್ಟಿ ಹೊಲಕ್ಕೆ ಚರಗ ಚೆಲ್ಲಲು ಹೊರಡುವ ಮುಂಚೆ ಮನೆಯ ಸೊಸೆ ಆ ಸೇರಿನ ತುಂಬ, ಬಾಯಿಯ ಮೇಲೆ ಗುಡ್ಡೆ ನಿಲ್ಲುವ ಹಾಗೆ, ಬಿಳಿಜೋಳ ತುಂಬಬೇಕು. ಅಂಗಳ ದಾಟುವ ಮೊದಲ ಮನುಷ್ಯರ ಉಡಿಗೆ ಅದನ್ನು ಸುರಿಯಬೇಕು. ಯಾರ ಮನೆಯವರು, ಯಾವ ಮಂದಿ ಎಂದು ಕೇಳುವ ಹಾಗಿಲ್ಲ. ಸವರುವ ಹಾಗಂತೂ ಇಲ್ಲವೇ ಇಲ್ಲ. ನಾನು 1984ರಲ್ಲಿ ಆ ಮನೆಗೆ ಸೊಸೆಯಾಗಿ ಹೋದ ವರ್ಷ ಗೊತ್ತಿಲ್ಲದೆ ಅಂಗೈಯಿಂದ ಸೇರಿನ ಬಾಯಿ ಸವರಿಬಿಟ್ಟಿದ್ದೆ. ಕುಂಟುತ್ತ ಓಡಿಬಂದ ಆಯಿ ನನ್ನ ಕೈ ಹಿಡಿದರು. "ಸವರಬ್ಯಾಡವಾ ತಂಗಿ, ಸವರಿದ್ದಕ್ಕ ಇಷ್ಟೆಲ್ಲಾ ಆತು" ಅಂದರು. ಏನಾಯಿತು ಎಂದು ಆವತ್ತು ಹೇಳಲಿಲ್ಲ.

ಹೇಳಿದ್ದು ನಾಲ್ಕು ವರ್ಷ ಬಿಟ್ಟು, ತುಂಡು ತುಂಡಾಗಿ. ನಾವಿಬ್ಬರೂ ತೊಗರಿ ಹಸನು ಮಾಡುತ್ತ ಕೂತಾಗ, ಕೈ ಕೆಲಸ ಮಾಡುತ್ತಿದ್ದಾಗ ಮಾತ್ರ ಅವರ ಬಾಯಿ ಬಿಡುತ್ತಿತ್ತು. "ಆಯೀ, ಹಳೇ ಕತಿ ಹೇಳ್ರಿ" ಅಂದರೆ "ನನಗೇನ್ ಗೊತ್ತವಾ, ಓದಿದಾಕಿ ನೀನು" ಎಂದು ಸುಮ್ಮನಾಗುತ್ತಿದ್ದರು. "ಈ ಸೇರಿನ ಬಾಯಿ ಯಾಕ ತಗ್ಗೈತಿ?" ಎಂದು ಕೇಳಿದ ದಿನ ಮಧ್ಯಾಹ್ನದ ತನಕ ಹೇಳಿದರು.

ಬರ ಬಿದ್ದಿತ್ತು. ಆಯಿ ಅದನ್ನು 'ಡೋಗಿ ಬರ' ಎನ್ನುತ್ತಿದ್ದರು. ಮೊದಲ ವರ್ಷ ಮಳೆ ಹೋಯಿತು, ಎರಡನೆಯ ವರ್ಷ ಕೆರೆ ಬಾವಿ ಬತ್ತಿದವು, ದನ ಹೋದವು, ಮಂದಿ ಗುಳೆ ಹೊರಟರು. ನಮ್ಮ ಮನೆಯ ಹಿತ್ತಲಿನಲ್ಲಿ ಒಂದು ಹಗೇವು ಇತ್ತು. ಈಗಿನ ಹುಡುಗರು ಹಗೇವು ನೋಡಿಲ್ಲ. ನೆಲದೊಳಗೆ ತೋಡಿದ ಕಾಳಿನ ಕಣಜ ಅದು. ಮೇಲೆ ಒಬ್ಬ ಆಳು ಇಳಿಯುವಷ್ಟೇ ಬಾಯಿ, ಒಳಗೆ ಗಡಿಗೆಯ ಹೊಟ್ಟೆಯ ಹಾಗೆ ಅಗಲ. ಒಳಗೋಡೆಗೆ ಹುಲ್ಲು ಒತ್ತಿ, ಜೋಳ ಸುರಿದು, ಕಲ್ಲು ಮುಚ್ಚಿ, ಮೇಲೆ ಮಣ್ಣು ಎಳೆದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ತೆಗೆದ ತಕ್ಷಣ ಇಳಿದವರು ಒಳಗಿನ ಕೆಟ್ಟ ಗಾಳಿಗೆ ಉಸಿರುಕಟ್ಟಿ ಸತ್ತದ್ದುಂಟು. ಅದಕ್ಕೇ ಮೊದಲು ದೀಪ ಇಳಿಬಿಡುತ್ತಿದ್ದರು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ಸೇರಿನ ಆಯಿಗೆ ಆಗ ಇಪ್ಪತ್ತು ದಾಟಿರಲಿಲ್ಲ, ಕಂಕುಳಲ್ಲಿ ಒಂದು ಕೂಸು. ಅತ್ತೆ ಇಲ್ಲದ ಮನೆ, ಆಕೆಯೇ ಹಿರಿಯಳು. ಗಂಡನಿಗೆ ಹೇಳಿ ಹಗೇವು ತೆಗೆಸಿದಳು. ಓಣಿಯವರಿಗೆಲ್ಲ ದಿನಕ್ಕೆ ಮನೆಗೊಂದು ಸೇರು. ಹೊರಗಿನವರಿಗೆ ಗುಡ್ಡೆ ಸೇರು, ಸ್ವಂತ ಮನೆಗೆ ಸವರಿದ ಸೇರು. ಸುಮ್ಮನೆ ಉಡಿಗೆ ಹಾಕಬಹುದಿತ್ತಲ್ಲ, ಅಳೆದು ಯಾಕೆ ಕೊಟ್ಟಳು ಎಂದು ನಾನು ಕೇಳಿದೆ. ಆಯಿ ಕೈಯಲ್ಲಿದ್ದ ತೊಗರಿ ಬಿಟ್ಟು ನನ್ನನ್ನು ನೋಡಿದರು. "ಅಳದು ಕೊಟ್ರ ಅದು ಕಡಾ ತಂಗಿ. ಅಳೀದ ಕೊಟ್ರ ಭಿಕ್ಷಾ. ಇಸಗೊಳ್ಳಾವರ ಮಾನಾ ನೋಡಬೇಕಲ್ಲ" ಅಂದರು.

ಹಗೇವು ತಳ ಕಂಡಿತು. ಮುಂದಿನ ಮಳೆಗೆ ಬಿತ್ತಲು ಮನೆಯಲ್ಲಿ ಬೀಜ ಉಳಿಯಲಿಲ್ಲ.

ಈ ಕತೆ ನನಗೆ ಬಂದ ದಾರಿಯನ್ನೂ ಹೇಳಬೇಕು. ಸೇರಿನ ಆಯಿ ತನ್ನ ಸೊಸೆಗೆ ಹೇಳಿದಳು. ಆ ಸೊಸೆ ತನ್ನ ಸೊಸೆಗೆ ಹೇಳಿದಳು, ಆಕೆಯೇ ನಾನು ಕಂಡ ಆಯಿ. ಆಯಿ ನಮ್ಮ ಅತ್ತೆಯವರಿಗೂ ನನಗೂ ಹೇಳಿದರು. ಅಂದರೆ ಆ ಬರಕ್ಕೂ ನನಗೂ ನಡುವೆ ಇರುವುದು ಎರಡೇ ಬಾಯಿ. ಇನ್ನೊಂದು ಮಾತು. ಹೇಳಿದವರು ಕೇಳಿದವರು ಎಲ್ಲರೂ ಬೇರೆ ಬೇರೆ ಊರಿನಿಂದ ಬಂದ ಹೆಣ್ಣುಮಕ್ಕಳು. ಆ ಮನೆಯಲ್ಲಿ ಹುಟ್ಟಿದ ಗಂಡಸರಿಗೆ ಹೊಲದ ಮೇರೆ ಗೊತ್ತು, ಬೆಡಗು ಅಂದರೆ ಕುಲದ ಕವಲು ಗೊತ್ತು, ಮನೆದೇವರ ಜಾತ್ರೆ ಗೊತ್ತು. ಸೇರಿನ ಕತೆ ನನ್ನ ಯಜಮಾನರಿಗೂ ನಾನೇ ಹೇಳಬೇಕಾಯಿತು.

ಕತೆ ಎಷ್ಟು ನಿಜ ಎಂದು ನನಗೂ ಸಂಶಯ ಇತ್ತು. 'ಡೋಗಿ ಬರ' ಎಂದು ಪುಸ್ತಕಗಳಲ್ಲಿ ಹುಡುಕಿದರೆ ಅದು 1791-92ರ ಬರ. ತಲೆಮಾರು ಎಣಿಸಿದರೆ ಎಲ್ಲಿಯೂ ಹೊಂದುವುದಿಲ್ಲ, 80 ವರ್ಷಕ್ಕೂ ಮೇಲೆ ತಪ್ಪುತ್ತದೆ. ಆದರೆ ಆಯಿ ಬೀಸುವಾಗ ಗುನುಗುತ್ತಿದ್ದ ಮಾತಿನಲ್ಲಿ 'ಧಾತು ಹೋಗಿ ಈಶ್ವರ ಬಂದ' ಎಂದು ಬರುತ್ತಿತ್ತು. ನಾನು ಅದನ್ನು ದೇವರ ಪದ ಅಂದುಕೊಂಡಿದ್ದೆ. ಎಷ್ಟೋ ವರ್ಷದ ಮೇಲೆ ಪಂಚಾಂಗ ತಿರುವುತ್ತಿದ್ದಾಗ ಹೊಳೆಯಿತು. ಧಾತು, ಈಶ್ವರ ಎರಡೂ ಸಂವತ್ಸರದ ಹೆಸರು! 60 ವರ್ಷಕ್ಕೊಮ್ಮೆ ತಿರುಗಿ ಬರುವ ಹೆಸರುಗಳು. ಧಾತು 1876ರಲ್ಲಿ ಬಂದಿತ್ತು, ಆಮೇಲೆ 1936ರಲ್ಲಿ, ಆಮೇಲೆ 1996ರಲ್ಲಿ. 1876-78ರ ಮಹಾ ಬರವನ್ನು ಮೈಸೂರು ಸೀಮೆಯವರು ಇವತ್ತಿಗೂ 'ಧಾತು ಈಶ್ವರ ಬರ' ಎಂದೇ ಕರೆಯುತ್ತಾರೆ. 1872ರ ಜನಗಣತಿಯಲ್ಲಿ 10 ಲಕ್ಷದ ಹತ್ತಿರ ಇದ್ದ ಧಾರವಾಡ ಜಿಲ್ಲೆಯ ಜನ 1881ರಲ್ಲಿ 9 ಲಕ್ಷಕ್ಕೂ ಕಡಿಮೆಯಾದದ್ದು ಈ ಬರದಿಂದಲೇ. ಆಗ ಗದಗ ಹಾವೇರಿಯೆಲ್ಲ ಧಾರವಾಡ ಜಿಲ್ಲೆಯೊಳಗೇ ಇದ್ದವು. ಹಳೆಯ ದೊಡ್ಡ ಬರದ ಹೆಸರನ್ನು ಮಂದಿ ಹೊಸ ಬರಕ್ಕೂ ಇಟ್ಟಿದ್ದರು, ಅಷ್ಟೇ. ಬೀಸುಕಲ್ಲಿನ ಒಂದು ಸಾಲು ಆ ತಪ್ಪನ್ನು ತಿದ್ದಿತು.

ಆಮೇಲೆ ಕಾಗದವೂ ಸಿಕ್ಕಿತು. ಟ್ರಂಕಿನ ತಳದಲ್ಲಿ ಬಟ್ಟೆ ಸುತ್ತಿದ ಒಂದು ಹಾಳೆ ಇತ್ತು. ಮೋಡಿ ಅಕ್ಷರ, ನಮ್ಮಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ. ಇನಾಮಿನ ಸನದು ಇರಬೇಕೆಂದು ಪ್ರತಿ ದೀಪಾವಳಿಗೆ ಅದಕ್ಕೆ ಕುಂಕುಮ ಹಚ್ಚುತ್ತಿದ್ದರು. ಧಾರವಾಡದಲ್ಲಿ ಮೋಡಿ ಬಲ್ಲ ಹಿರಿಯ ಮಾಸ್ತರರೊಬ್ಬರು ಅದನ್ನು ಓದಿಕೊಟ್ಟರು. ಅದು ಸಾಲದ ಪತ್ರ. ಶಕೆ 1799, ಈಶ್ವರ ಸಂವತ್ಸರ. ಆರು ಎಕರೆ ಎರಿ ಹೊಲ ಒತ್ತಿಯಿಟ್ಟು 'ಬಿತ್ತುವ ಬೀಜಕ್ಕೂ ಒಂದು ಎತ್ತಿಗೂ' ಹಣ ಪಡೆದದ್ದು. ಶಕೆಗೆ 78 ಕೂಡಿಸಿದರೆ 1877. ಮಾಸ್ತರರು 'ಬೀಜಕ್ಕೂ' ಎಂದು ಓದಿದಾಗ ನನ್ನ ಮೈ ಜುಮ್ಮೆಂದಿತು. ಆಯಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಸಾಲದ ಪತ್ರದಲ್ಲಿ ಸೇರಿನ ಆಯಿಯ ಗಂಡನ ಹೆಸರಿದೆ, ಅವನ ತಂದೆಯ ಹೆಸರಿದೆ, ಸಾಹುಕಾರನ ಹೆಸರಿದೆ, ಇಬ್ಬರು ಸಾಕ್ಷಿದಾರರ ಹೆಸರಿದೆ. ಬೀಜ ಯಾಕೆ ಖಾಲಿಯಾಯಿತು ಎಂಬುದಿಲ್ಲ. ಖಾಲಿ ಮಾಡಿದವಳ ಹೆಸರೂ ಇಲ್ಲ.

ಹೆಸರು ಹೆಳವರ ಹತ್ತಿರ ಇದ್ದೀತು ಎಂದು ಕಾದೆ. ಹೆಳವರ ಬಗ್ಗೆ ನಮ್ಮ ಕಡೆಯವರಿಗೆ ಹೇಳುವ ಅಗತ್ಯವಿಲ್ಲ. ಆದರೆ ಪಟ್ಟಣದಲ್ಲಿ ಬೆಳೆದ ಮಕ್ಕಳಿಗಾಗಿ ಎರಡು ಮಾತು ಬರೆಯುತ್ತೇನೆ. ಒಕ್ಕಲು ಮನೆಗಳ ವಂಶಾವಳಿ ಹೇಳುವುದು ಅವರ ಕುಲಕಸುಬು. ಇಂಥ ಮನೆಗಳು ಇಂಥ ಹೆಳವರಿಗೆ ಎಂದು ಹಂಚಿಕೆಯಿರುತ್ತದೆ, ಕೆಲವು ವರ್ಷಕ್ಕೊಮ್ಮೆ ಬರುತ್ತಾರೆ. ಹಿಂದೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬೆಳಗಿನ ಜಾವ ಬರುತ್ತಿದ್ದರು. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಹಾಗೆ ಬಂದದ್ದನ್ನು ನೋಡಿದ್ದೇನೆ. ಎತ್ತಿನ ಕೊಂಬಿಗೆ ಬಣ್ಣ, ಮೇಲೆ ಕೂತವರ ಹೆಗಲಿಗೆ ಕಂಬಳಿ, ಕತ್ತಲೆಯಲ್ಲಿ ಬರೀ ದನಿ. ಮೂಲದ ಊರು, ಮನೆದೇವರು, ಬೆಡಗು, ಆಮೇಲೆ ಹಿರಿಯರ ಹೆಸರು ಒಂದರ ಹಿಂದೊಂದು. ನಮ್ಮ ಮಾವನವರು ಹಾಸಿಗೆಯಿಂದ ಎದ್ದು ಬಂದು ಕೈಮುಗಿದು ನಿಂತಿದ್ದರು.

ಈ ವರ್ಷ ಹೋಳಿಹುಣ್ಣಿಮೆಯ ಮುಂಚೆ ನಮ್ಮ ಹೆಳವರು ಬಂದರು. ಅಬ್ಬಿಗೇರಿಯ ಮನೆಗೆ ಕೀಲಿ ಬಿದ್ದಿದೆ. ಬಾಜೂ ಮನೆಯವರು ನಮ್ಮ ನಂಬರು ಕೊಟ್ಟರು, ತಂದೆ ಮಗ ಮೋಟಾರ್ ಸೈಕಲ್ ಮೇಲೆ ಬೆಟಗೇರಿಗೇ ಬಂದರು. ಚಾಪೆ ಹಾಸಿ ಕೂರಿಸಿದೆ. ಹಿರಿಯರು ಚೀಲದಿಂದ ಉದ್ದನೆಯ ಪುಸ್ತಕ ತೆಗೆದರು, ಆದರೆ ನೋಡಲಿಲ್ಲ. ಕಣ್ಣು ಮುಚ್ಚಿ ಹೇಳುತ್ತ ಹೋದರು, ಮಗ ಪುಸ್ತಕದಲ್ಲಿ ಬೆರಳಿಟ್ಟು ತಾಳೆ ನೋಡುತ್ತ ಹೋದ. ಹನ್ನೊಂದು ತಲೆಮಾರು. ಸೇರಿನ ಆಯಿಯ ಗಂಡನ ಹೆಸರು ಬಂದಾಗ ನಾನು ತಡೆದೆ. "ಯಜಮಾನ್ರ, ಅವರ ಮನಿಯವರ ಹೆಸರೇನ್ರಿ?"

ಅವರು ಕಣ್ಣು ತೆಗೆದರು. "ಹೆಂಗಸರ ಹೆಸರ ನಮ್ಮ ಪುಸ್ತಕದಾಗ ಬರಿಯೂದಿಲ್ಲವಾ. ಹೆಣ್ಣ ಎಲ್ಲಿಂದ ತಂದಾರ ಅನ್ನೂದ ಐತಿ ನೋಡ್ರಿ." ಮಗ ಓದಿದ: "ಹೆಣ್ಣು ತಂದದ್ದು ಡಂಬಳ."

ಡಂಬಳ! ಅಷ್ಟು ಸಿಕ್ಕಿತು. ಬರೀ ಊರಿನ ಹೆಸರು. ನನ್ನ ಅತ್ತೆಯವರ ಜಾಗದಲ್ಲೂ ಅಷ್ಟೇ, ನನ್ನ ಜಾಗದಲ್ಲೂ ಅಷ್ಟೇ, 'ಹೆಣ್ಣು ತಂದದ್ದು' ಇಂಥ ಊರು. ನನ್ನ ಮಗನ ಹೆಸರು ಬರೆದುಕೊಂಡರು, ಮಗಳ ಹೆಸರು ಕೇಳಲಿಲ್ಲ. ನಾನೇ ಹೇಳಿದೆ. "ಮಗಳನ್ನೂ ಬರೀರಿ, ನನ್ನೂ ಬರೀರಿ, ನಮ್ಮ ಅತ್ತಿಯವರನ್ನೂ ಬರೀರಿ. ಅರ್ಧ ಚೀಲ ಜೋಳಾ ಕೊಡತೇನಿ, ಧೋತ್ರ ಕೊಡತೇನಿ, ಆದರ ನಮ್ಮ ಹೆಸರ ಬರದ ಹೋಗ್ರಿ." ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಪೆನ್ನನ್ನು ಮಗನ ಕೈಯಿಂದ ತಾವೇ ತೆಗೆದುಕೊಂಡರು. ಸಾಲುಗಳ ನಡುವಿನ ಇಕ್ಕಟ್ಟಿನಲ್ಲಿ ಸಣ್ಣದಾಗಿ ನಮ್ಮ ಅತ್ತೆಯವರ ಹೆಸರು ಬರೆದರು, ಆಮೇಲೆ ನನ್ನದು, ಆಮೇಲೆ ಮಗಳದು. ಸೇರಿನ ಆಯಿಯ ಕಡೆಗೆ ಹಾಳೆ ತಿರುವಿದರು, ಅಲ್ಲೊಂದು ಖಾಲಿ ಗೆರೆ ಎಳೆದರು. "ಸಿಕ್ಕ ಮ್ಯಾಲ ಹೇಳ್ರಿ, ತುಂಬತೇನಿ" ಅಂದರು. ಆ ಮನುಷ್ಯನ ಉಪಕಾರ ನಾನು ಮರೆಯುವುದಿಲ್ಲ. ಹೆಳವರು ಬಾಗಿಲಿಗೆ ಬಂದರೆ ಹತ್ತು ರೂಪಾಯಿ ಕೊಟ್ಟು ಮುಂದೆ ಕಳಿಸುವ ಮನೆಗಳು ನಮ್ಮ ಓಣಿಯಲ್ಲೇ ಇವೆ. ಆ ಪುಸ್ತಕದಲ್ಲಿ ತಮ್ಮ ಮನೆ ಇದೆ ಎಂಬುದೇ ಅವರಿಗೆ ಗೊತ್ತಿಲ್ಲ.

ಇಷ್ಟಕ್ಕೂ ಹೆಸರು ಹೇಗೆ ಕಳೆಯಿತು? ನಾನು ಇದನ್ನು ಬಹಳ ಯೋಚಿಸಿದ್ದೇನೆ. ಯಾರೂ ಆಕೆಯನ್ನು ಕಡೆಗಣಿಸಲಿಲ್ಲ. ದೇವರ ಹಾಗೆ ಕಂಡರು, ಅದಕ್ಕೇ ಕಳೆಯಿತು. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಆಡುವ ಹಾಗಿರಲಿಲ್ಲ. ಸೇರಿನ ಆಯಿಯ ಸೊಸೆಗೆ ಹೆಸರು ಗೊತ್ತಿತ್ತು, ಜನ್ಮವಿಡೀ ಆಡಲಿಲ್ಲ. ಆಕೆಯ ಸೊಸೆಗೆ, ಅಂದರೆ ನಮ್ಮ ಆಯಿಗೆ, ಅದು ಕಿವಿಗೇ ಬೀಳಲಿಲ್ಲ. ಸೇರಿನ ಆಯಿ ತೀರಿಕೊಂಡ ಮೇಲೆ ಹುಟ್ಟಿದ ಮೊಮ್ಮಗಳಿಗೆ ಆಕೆಯ ಹೆಸರನ್ನೇ ಇಟ್ಟಿದ್ದರು, ನಮ್ಮಲ್ಲಿ ಅದು ರೂಢಿ. ಆದರೆ ಅತ್ತೆಯ ಹೆಸರಿನ ಮಗುವನ್ನು ಹೆತ್ತತಾಯಿ ಹೆಸರು ಹಿಡಿದು ಕರೆಯುವುದು ಹೇಗೆ? 'ಅವ್ವಕ್ಕ' ಎಂದು ಕರೆದಳು. ಊರೆಲ್ಲ 'ಅವ್ವಕ್ಕ' ಎಂದಿತು. ಅವ್ವಕ್ಕನನ್ನು ಬೇರೆ ಊರಿಗೆ ಕೊಟ್ಟಿದ್ದರು, 1918ರ ಇನ್‌ಫ್ಲುಯೆಂಜಾದಲ್ಲಿ ಮಕ್ಕಳಾಗುವ ಮೊದಲೇ ತೀರಿಹೋದಳು. ಆ ಊರಿಗೂ ಹೋಗಿಬಂದೆ, ಆ ಮನೆತನವೇ ಅಲ್ಲಿಲ್ಲ. ಹೀಗೆ ಒಂದೇ ಹೆಸರು ಎರಡು ಸಲ ಹೋಯಿತು.

ನಾನು ಅಂಗನವಾಡಿಯಲ್ಲಿ ಮೂವತ್ತು ವರ್ಷ ಮನೆ ಮನೆ ಸಮೀಕ್ಷೆ ಮಾಡಿದವಳು. ಗರ್ಭಿಣಿ, ಬಾಣಂತಿ, ತಾಯಿ ಎಂದು ಸಾವಿರಾರು ಹೆಣ್ಣುಮಕ್ಕಳ ಹೆಸರನ್ನು ಈ ಕೈಯಿಂದ ರಜಿಸ್ಟರಿಗೆ ಬರೆದಿದ್ದೇನೆ. "ನಿಮ್ಮ ಹೆಸರೇನ್ರಿ" ಅಂದರೆ ನಾಚಿ "ಅವರ ಮನಿಯಾಕಿ ಅಂತ ಬರಕೋರಿ" ಅನ್ನುವ ಮುದುಕಿಯರು ಆಗ ಇದ್ದರು. 1951-52ರ ಮೊದಲ ಮಹಾಚುನಾವಣೆಯ ವೇಳೆಗೆ ಇಂಥವರ ಹೆಸರು ಸುಮಾರು 28 ಲಕ್ಷದಷ್ಟು ಮತದಾರರ ಪಟ್ಟಿಯಿಂದ ಬಿಟ್ಟುಹೋಗಿತ್ತು. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಹೇಳಿದ್ದರಿಂದ. ಹೆಚ್ಚಿನವರು ಉತ್ತರದ ರಾಜ್ಯಗಳವರು, ಆದರೆ ಕಾರಣ ನಮ್ಮ ಮನೆಯದೇ. ಸಾವಿರ ತಾಯಂದಿರ ಹೆಸರು ಬರೆದ ನನಗೆ, ನನ್ನ ಮನೆಗೆ ಅನ್ನ ಅಳೆದ ತಾಯಿಯ ಹೆಸರು ಬರೆಯಲು ಆಗಿಲ್ಲ. ಮೊನ್ನೆ ವಾರಸಾ ಮಾಡಿಸಲು ವಂಶವೃಕ್ಷದ ಅರ್ಜಿ ತುಂಬುವಾಗ ಆ ನೋವು ಮತ್ತೆ ಎದ್ದಿತು. ಕಚೇರಿಗೆ ಬೇಕಾದದ್ದು ಮೂರು ತಲೆಮಾರು, ಅದರಾಚೆ ಕೇಳುವವರಿಲ್ಲ.

ಒಂದು ತಪ್ಪು ನಮ್ಮಿಂದಲೂ ಆಗಿದೆ, ಬೇರೆಯವರು ಮಾಡದಿರಲೆಂದು ಹೇಳುತ್ತೇನೆ. 2011ರಲ್ಲಿ ನನ್ನ ಮಗ ನಮ್ಮ ಅತ್ತೆಯವರನ್ನು ಕೂರಿಸಿ ಮೊಬೈಲಿನಲ್ಲಿ ಮಾತು ತುಂಬಿಸಿಕೊಂಡಿದ್ದ. ಒಂದು ತಾಸಿನ ಹತ್ತಿರ ಇತ್ತು. ಡಂಬಳದ ಕಡೆಯ ಸಂಬಂಧಿಕರ ಹೆಸರು ಅದರಲ್ಲಿ ಬಂದಿದ್ದವು ಎಂದು ಅವನಿಗೆ ನೆನಪು, ಯಾವ ಹೆಸರು ಎಂದು ನೆನಪಿಲ್ಲ. ಫೋನು ನೀರಿಗೆ ಬಿತ್ತು, ಬೇರೆ ಕಡೆ ಇಟ್ಟಿರಲಿಲ್ಲ. ಅತ್ತೆಯವರು ಮರುವರ್ಷ ತೀರಿಕೊಂಡರು. ಈಗ ನಾನು ಯಾರ ಮಾತು ಕೇಳಿದರೂ ಅದೇ ದಿನ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ, ಅವರು ಆಡಿದ ಮಾತಿನಲ್ಲೇ ಬರೆಯುತ್ತೇನೆ, ಒಂದು ನಕಲು ಮಗಳ ಮನೆಯಲ್ಲಿಡುತ್ತೇನೆ. ವಯಸ್ಸು ಕೇಳುವುದಿಲ್ಲ, ಹಿರಿಯರಿಗೆ ಗೊತ್ತಿರುವುದಿಲ್ಲ. "ಪ್ಲೇಗಿಗೆ ಊರ ಬಿಟ್ಟು ಹೊಲದಾಗ ಗುಡಿಸಲಾ ಹಾಕಿದಾಗ ನಿಮ್ಮ ಅವ್ವ ಹುಟ್ಟಿದ್ದಳೇನ್ರಿ?" ಎಂದು ಕೇಳುತ್ತೇನೆ. ಹುಬ್ಬಳ್ಳಿಯಲ್ಲಿ ದೊಡ್ಡ ಪ್ಲೇಗು 1898ರಲ್ಲಿ, ಅಲ್ಲಿಂದ ಎಣಿಸಿಕೊಳ್ಳಬಹುದು. ಎಲ್ಲಕ್ಕೂ ಮೇಲಾಗಿ ಪ್ರತಿಯೊಬ್ಬ ಗಂಡಸಿನ ಹೆಸರಾದ ಮೇಲೂ ನಿಲ್ಲಿಸಿ ಆತನ ಹೆಂಡತಿಯ ಹೆಸರು, ಆಕೆಯ ತವರು ಕೇಳುತ್ತೇನೆ.

ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ನಮ್ಮದೇ ಜಾನಪದ ವಿಶ್ವವಿದ್ಯಾಲಯವಿದೆ, ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಿದೆ. ಅಲ್ಲಿನ ಹಿರಿಯರಲ್ಲಿ ನನ್ನದೊಂದು ವಿನಂತಿ. ಹೆಳವರ ಪುಸ್ತಕಗಳನ್ನು ಅವರ ಒಪ್ಪಿಗೆ ಪಡೆದು, ತಕ್ಕ ಗೌರವಧನ ಕೊಟ್ಟು, ಪುಟ ಪುಟವಾಗಿ ಫೋಟೋ ತೆಗೆಸಿರಿ. ತಾಲೂಕು ಕಚೇರಿಯ ಹಳೆ ದಫ್ತರುಗಳನ್ನು ಸರ್ಕಾರ ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡಿಸುತ್ತಿದೆ, ಅದು ಒಳ್ಳೆಯ ಕೆಲಸ. ಹೊಲದ ಕಾಗದಕ್ಕಿರುವ ಬೆಲೆ ಹೆಳವರ ಪುಸ್ತಕಕ್ಕೂ ಇರಲಿ. ನಮ್ಮ ಹೆಳವರ ಮಗ ನಮ್ಮ ಮನೆಯಲ್ಲಿ ಹೇಳಿದ, ತನ್ನ ಮಗ ಈ ಕೆಲಸಕ್ಕೆ ಬರುವುದಿಲ್ಲ, ಐಟಿಐ ಓದುತ್ತಿದ್ದಾನೆ ಎಂದು. ಹುಡುಗ ಓದಲಿ, ನನಗೆ ಸಂತೋಷವೇ. ಆದರೆ ಆ ಪುಸ್ತಕ ಎಲ್ಲಿಗೆ ಹೋಗಬೇಕು? ವಿದ್ಯಾರ್ಥಿಗಳು ಆ ಪುಸ್ತಕ ಹಿಡಿದು ಅದೇ ಮನೆಗಳ ಮುದುಕಿಯರ ಹತ್ತಿರ ಹೋಗಿ 'ಹೆಣ್ಣು ತಂದದ್ದು' ಎಂಬಲ್ಲಿ ಹೆಸರು ತುಂಬಿಸಿಕೊಂಡು ಬರಬೇಕು.

ಇನ್ನು ನಾನು ಈ ಪತ್ರ ಬರೆದ ಮುಖ್ಯ ಕಾರಣಕ್ಕೆ ಬರುತ್ತೇನೆ. ಗಂಡನ ಮನೆಯಲ್ಲಿ ಆಕೆಯ ಹೆಸರು ಯಾರೂ ಆಡಲಿಲ್ಲ, ಸರಿ. ತವರಿನಲ್ಲಿ ಆಡಿದ್ದಾರೆ! ತವರಿಗೆ ಆಕೆ ಮಗಳು, ಹೆಸರು ಹಿಡಿದೇ ಕರೆದಿರುತ್ತಾರೆ. ಆ ತವರಿನವರ ಕುಡಿ ಎಲ್ಲಿಯಾದರೂ ಇದ್ದರೆ ಅವರ ಬಾಯಲ್ಲಿ ಹೆಸರು ಉಳಿದಿರಬಹುದು. ಡಂಬಳಕ್ಕೆ ಮೂರು ಸಲ ಹೋದೆ. ದೊಡ್ಡಬಸಪ್ಪನ ಗುಡಿಯ ಕಟ್ಟೆಯ ಮೇಲೆ ಕೂತ ಹಿರಿಯರು, ಕೆರೆಯ ಕಡೆಯ ಓಣಿಯವರು, ಎಲ್ಲರನ್ನೂ ಕೇಳಿದೆ. ಅವರ್‍ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಆ ಮನೆಯವರು ಬರದಲ್ಲಿ ಡಂಬಳ ಬಿಟ್ಟರು. ಆಯಿ ಹೇಳಿದ ಪ್ರಕಾರ ಮಳೆಸೀಮೆಗೆ ಹೋದರು. ಹಾನಗಲ್ಲ, ಶಿಗ್ಗಾವಿ, ಕಲಘಟಗಿಯ ಕಡೆ ಇರಬಹುದು. ನಮ್ಮ ಕಡೆ ಊರು ಬಿಟ್ಟು ಬಂದವರಿಗೆ ಬಿಟ್ಟ ಊರಿನ ಹೆಸರೇ ಅಡ್ಡಹೆಸರಾಗುವುದುಂಟು. ಡಂಬಳದಲ್ಲಿ ಯಾರನ್ನೂ 'ಡಂಬಳದವರು' ಎಂದು ಕರೆಯುವುದಿಲ್ಲ, ಬೇರೆ ಊರಲ್ಲಿ ಕರೆಯುತ್ತಾರೆ. ಹಾಗಾಗಿ ಮಳೆಸೀಮೆಯ ಊರುಗಳಲ್ಲಿ ಡಂಬಳ ಎಂಬ ಅಡ್ಡಹೆಸರಿನವರು, ಇಲ್ಲವೇ 'ನಾವು ಮೂಲತಃ ಡಂಬಳದವರಂತೆ' ಎನ್ನುವವರು, ದಯವಿಟ್ಟು ಮುಂದಿನದನ್ನು ನಿಧಾನವಾಗಿ ಓದಿರಿ.

ಆಯಿ ಇದನ್ನು ನನಗೆ ಒಂದೇ ಸಲ ಹೇಳಿದ್ದು, ತೀರಿಕೊಳ್ಳುವ ವರ್ಷ, ದನಿ ಇಳಿಸಿ. ಗುಳೆ ಹೋಗುವಾಗ ಸೇರಿನ ಆಯಿಯ ತಂದೆ, ತಾಯಿ, ತಮ್ಮ ಅಬ್ಬಿಗೇರಿಗೆ ಬಂದು ಒಂದು ರಾತ್ರಿ ಮಗಳ ಮನೆಯಲ್ಲಿ ಉಳಿದರು. ಬೆಳಿಗ್ಗೆ ಹೊರಟಾಗ ಓಣಿಯವರೂ ಸಾಲಿನಲ್ಲಿ ನಿಂತಿದ್ದರು. ಆಕೆ ಓಣಿಯವರಿಗೆಲ್ಲ ಗುಡ್ಡೆ ಸೇರು ಅಳೆದಳು. ತವರಿನವರ ಸರದಿ ಬಂದಾಗ ಸೇರಿನ ಬಾಯಿ ಸವರಿದಳು. ಅವರನ್ನು ತನ್ನವರೆಂದು ಎಣಿಸಿದಳು, ತನ್ನ ಮನೆಗೆ ಹೇಗೋ ಅವರಿಗೂ ಹಾಗೆ ಎಂದು. ತಮ್ಮನಿಗೆ ಹಾಗೆ ಕಾಣಲಿಲ್ಲ. "ಓಣಿ ಮಂದಿಗೆ ಗುಡ್ಡಿ, ಹಡದಾವರಿಗೆ ಸವರಿದ್ದು" ಎಂದು ಸೇರನ್ನು ಕಸಿದು ಹಗೇವಿನ ಕಲ್ಲಿಗೆ ಒಗೆದ. ಬಾಯಿ ತಗ್ಗಿದ್ದು ಆವತ್ತು. ತಾಯಿ ಮಾತ್ರ ಚೆಲ್ಲಿದ ಕಾಳು ಆರಿಸಿ ಸೆರಗಿಗೆ ಕಟ್ಟಿಕೊಂಡಳು. ಹೋದವರು ಮತ್ತೆ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ಮಳೆಯಾಗಿ ಮೊದಲ ಸುಗ್ಗಿ ಮನೆಗೆ ಬಂದ ಮೇಲಿನ ಎಳ್ಳಮಾಸಿಗೆ ಆಕೆ ಸೇರು ತುಂಬಿ ಬಾಗಿಲಲ್ಲಿ ನಿಂತಳಂತೆ, ದಾರಿಯಲ್ಲಿ ಬರುವ ಮೊದಲಿಗರು ತಮ್ಮನೇ ಆಗಿರಲಿ ಎಂದು. ಸಾಯುವ ತನಕ ಪ್ರತಿ ವರ್ಷ ಹಾಗೇ ನಿಂತಳು. ನಾವು ಈಗ ಮಾಡುತ್ತಿರುವುದು ಅದೇ.

ನಿಮ್ಮ ಮನೆಯಲ್ಲಿ ಈ ಕತೆಯ ಇನ್ನೊಂದು ಮಗ್ಗುಲು ಇರಬಹುದು. ಸೇರು ಸವರಿದ ಮಗಳ ಮೇಲಿನ ಸಿಟ್ಟಾಗಿ ಇರಬಹುದು, 'ಅಬ್ಬಿಗೇರಿಗೆ ಹೆಣ್ಣು ಕೊಡಬಾರದು' ಎಂಬ ಮಾತಾಗಿ ಇರಬಹುದು. ಹೇಗಿದ್ದರೂ ಸರಿ, ಬೈಗುಳದ ಜೊತೆಗಾದರೂ ಆಕೆಯ ಹೆಸರು ಉಳಿದಿದ್ದರೆ ನನಗೆ ಹೇಳಿರಿ. ನನ್ನ ಫೋನ್ ನಂಬರನ್ನು ಸಂಪಾದಕರಿಗೆ ಕೊಟ್ಟಿದ್ದೇನೆ. ಪತ್ರದ ಕೆಳಗೆ ನನ್ನ ಹೆಸರು ಹಾಕುತ್ತಿಲ್ಲ. ಆಕೆಯದು ಸಿಕ್ಕ ದಿನ ಇದೇ ಅಂಕಣಕ್ಕೆ ಎರಡನ್ನೂ ಒಟ್ಟಿಗೆ ಬರೆದು ಕಳಿಸುತ್ತೇನೆ.

ಎಳ್ಳಮಾಸಿಗೆ ಬರುವುದಾದರೆ ಮುಂಚೆಯೇ ತಿಳಿಸಿರಿ, ಅಬ್ಬಿಗೇರಿಯ ಮನೆಯ ಕೀಲಿ ತೆಗೆಸಿ, ಅಂಗಳ ಸಾರಿಸಿ ಇಡುತ್ತೇನೆ. ನಿಮಗೆ ಬರಬೇಕಾದ ಗುಡ್ಡೆ ಸೇರು ಒಂದು ನಮ್ಮಲ್ಲಿ ಬಾಕಿ ಇದೆ.

ಇಂತಿ,
ಸೇರಿನ ಆಯಿಯ ಮನೆಯ ನಾಲ್ಕನೆಯ ಸೊಸೆ,
ಬೆಟಗೇರಿ